ಎಷ್ಟು ಕ್ಯಾಲರಿ ಬೇಕು, ಕೊಬ್ಬು ಎಲ್ಲಿ ಕೂತಿದೆ: ಅಳೆಯುವುದು ಹೀಗೆ

ಪಥ್ಯದ ಪಟ್ಟಿ ಬರೆಯುವ ಮೊದಲು ಡಯಟಿಷಿಯನ್ ಎರಡು ಲೆಕ್ಕ ಹಾಕುತ್ತಾರೆ. ಸೂತ್ರಗಳು ಸುಲಭ, ಎಡವಟ್ಟಾಗುವುದು ಅವಕ್ಕೆ ಕೊಡುವ ಅಂಕಿಗಳಲ್ಲಿ.

45 ವರ್ಷದ, 155 ಸೆಂ.ಮೀ. ಎತ್ತರದ, 68 ಕೆ.ಜಿ. ತೂಗುವ ಮಹಿಳೆ ಎಂದಿಟ್ಟುಕೊಳ್ಳಿ. 1990ರ ಮಿಫ್ಲಿನ್–ಸೇಂಟ್ ಜೋರ್ ಸೂತ್ರದಂತೆ ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಎರಡನ್ನೂ ಕೂಡಿ. ವಯಸ್ಸನ್ನು 5ರಿಂದ ಗುಣಿಸಿ ಕಳೆಯಿರಿ. ಹೆಂಗಸರಿಗೆ ಮತ್ತೆ 161 ಕಳೆಯಬೇಕು, ಗಂಡಸರಿಗೆ 5 ಕೂಡಬೇಕು. 680 + 969 − 225 − 161 = 1,263 ಕಿಲೊಕ್ಯಾಲರಿ. ಸುಮ್ಮನೆ ಮಲಗಿದ್ದರೂ ದಿನಕ್ಕೆ ಇಷ್ಟು ಖರ್ಚಾಗುತ್ತದೆ.

ಇದನ್ನು ಚಟುವಟಿಕೆಗೆ ತಕ್ಕಂತೆ ಗುಣಿಸಬೇಕು: ಕೂತೇ ಇರುವವರಿಗೆ 1.2, ಹಗುರ ಓಡಾಟಕ್ಕೆ 1.375, ಮಧ್ಯಮ ಶ್ರಮಕ್ಕೆ 1.55. ಬಹುತೇಕರು ತಮ್ಮನ್ನು ಒಂದು ಮೆಟ್ಟಿಲು ಮೇಲೆ ಇಟ್ಟುಕೊಳ್ಳುತ್ತಾರೆ. ಬೆಳಗ್ಗೆ ಅರ್ಧ ಗಂಟೆ ವಾಕಿಂಗ್, ಉಳಿದ ದಿನವೆಲ್ಲ ಕುರ್ಚಿ ಎಂದರೆ ಅದು 1.55 ಅಲ್ಲ. ಈ ಮಹಿಳೆಯ ಲೆಕ್ಕದಲ್ಲಿ 1.2ಕ್ಕೂ 1.55ಕ್ಕೂ ಸುಮಾರು 440 ಕಿಲೊಕ್ಯಾಲರಿ ಅಂತರ, ಹತ್ತು ಟೀ ಚಮಚ ಎಣ್ಣೆಯಷ್ಟು!

ಇನ್ನು ಎರಡನೆಯ ಲೆಕ್ಕ: ಕೊಬ್ಬು ಎಲ್ಲಿದೆ ಎಂದು ತಿಳಿಯಲು ಟೇಪಿನಿಂದ ಸೊಂಟ, ಪೃಷ್ಠದ ಸುತ್ತಳತೆ. ಹಿಗ್ಗಿದ ಹಳೆಯ ದರ್ಜಿ ಟೇಪು ಬೇಡ. ಕೊನೆಯ ಪಕ್ಕೆಲುಬಿನ ಕೆಳ ಅಂಚನ್ನೂ ಸೊಂಟದ ಮೂಳೆಯ ಮೇಲ್ತುದಿಯನ್ನೂ ಬೆರಳಿಂದ ಒತ್ತಿ ಹುಡುಕಿ, ಎರಡರ ಸರಿಮಧ್ಯೆ ಗುರುತು ಹಾಕಿ. ಟೇಪು ಸುತ್ತಲೂ ನೆಲಕ್ಕೆ ಸಮಾನಾಂತರವಾಗಿರಲಿ. ಬೆನ್ನ ಹಿಂದೆ ಜಾರಿದ್ದು ಅಳೆಯುವವರಿಗೆ ಕಾಣುವುದೇ ಇಲ್ಲ. ಉಸಿರು ಸಹಜವಾಗಿ ಹೊರಬಿಟ್ಟಾಗ ಓದಿ. ಲಂಗದ ಲಾಡಿಯ ಗೆರೆಯನ್ನೋ ಹೊಟ್ಟೆಯ ಕೆಳಗೆ ಜಾರಿದ ಬೆಲ್ಟಿನ ಜಾಗವನ್ನೋ ಸೊಂಟ ಎಂದುಕೊಂಡರೆ ಅಳತೆಯೇ ಸುಳ್ಳು. ಪೃಷ್ಠವನ್ನು ಅತಿ ಅಗಲವಾದ ಕಡೆ ಅಳೆಯಿರಿ.

ಸೊಂಟ 92, ಪೃಷ್ಠ 104 ಬಂತೆನ್ನಿ. ಭಾರತೀಯರಿಗೆ ಸೊಂಟದ ಮಿತಿ ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂ.ಮೀ. ಸೊಂಟ–ಪೃಷ್ಠ ಅನುಪಾತ ಇಲ್ಲಿ 0.88, ಹೆಂಗಸರಿಗೆ 0.85 ದಾಟಬಾರದು. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 28 ಇರುವ ಇಬ್ಬರಲ್ಲಿ ಒಬ್ಬರ ಕೊಬ್ಬು ತೊಡೆಯಲ್ಲಿ, ಇನ್ನೊಬ್ಬರದು ಕರುಳು, ಯಕೃತ್ತಿನ ಸುತ್ತ ಇರಬಹುದು. ಮಧುಮೇಹದ ಭಯ ಹೆಚ್ಚು ಇರುವುದು ಎರಡನೆಯವರಿಗೆ.

ಹೊಟ್ಟೆಯಲ್ಲಿ ನೀರು ತುಂಬಿದ ಯಕೃತ್ತಿನ ರೋಗಿಗಳಲ್ಲಿ, ಗರ್ಭಿಣಿಯರಲ್ಲಿ ಈ ಟೇಪಿಗೆ ಅರ್ಥವಿಲ್ಲ. ಕಾಲು ಊದಿದವರ ತೂಕದಲ್ಲೂ ನೀರಿನ ಪಾಲು ಸೇರಿರುತ್ತದೆ. ಬಾವು ಇಳಿದ ಮೇಲಿನ ತೂಕವನ್ನೇ ಸೂತ್ರಕ್ಕೆ ಹಾಕಬೇಕು.