ಕಿನ್ನಾಳ ಗೊಂಬೆ, ಸಂಡೂರಿನ ಲಂಬಾಣಿ ಕಸೂತಿ: ವಿದೇಶಕ್ಕೆ ಪಾರ್ಸೆಲ್ ಕಳಿಸುವ ಬಗೆ

ಕೊಪ್ಪಳ, ಬಳ್ಳಾರಿಯಿಂದ ಆನ್‌ಲೈನ್‌ನಲ್ಲಿ ಮಾರುವವರ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತರೆ, ಮೊದಲು ನೋಡಬೇಕಾದದ್ದು ಸರಕು, ಬೆಲೆಯ ಬಗ್ಗೆ ನೀವೇ ತುಂಬಿದ ಘೋಷಣೆಯನ್ನು (ಡಿಕ್ಲರೇಶನ್).

ಮಾರಾಟದ ಸರಕಿಗೆ ಐಇಸಿ, ಅಂದರೆ ಆಮದು-ರಫ್ತು ಕೋಡ್ ಬೇಕು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಜಾಲತಾಣದಲ್ಲಿ ಪ್ಯಾನ್ ಮೇಲೆ ಸಿಗುತ್ತದೆ, ಶುಲ್ಕ 500 ರೂಪಾಯಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ ಒಳಗೆ ಅದನ್ನು ಅಪ್‌ಡೇಟ್ ಮಾಡಿ. ವಿವರ ಬದಲಾಗದಿದ್ದರೂ ಮಾಡಲೇಬೇಕು, ಬಿಟ್ಟರೆ ಕೋಡ್ ನಿಷ್ಕ್ರಿಯವಾಗುತ್ತದೆ. ಜಿಎಸ್‌ಟಿ ನೋಂದಣಿ ಇದ್ದವರು ತೆರಿಗೆ ಕಟ್ಟದೆ ರಫ್ತು ಮಾಡಲು ಹಣಕಾಸು ವರ್ಷದ ಆರಂಭದಲ್ಲೇ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಬೇಕು.

ಆಮೇಲೆ ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರದ (ಅಂಚೆ ರಫ್ತು ಕೇಂದ್ರ) ಪೋರ್ಟಲ್‌ನಲ್ಲಿ ನೋಂದಾಯಿಸಿ. ಅಂಚೆ ರಫ್ತಿನ ಕಸ್ಟಮ್ಸ್ ಅರ್ಜಿಯಾದ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ ಅನ್ನು ಮನೆಯಲ್ಲೇ ತುಂಬಿ ಲೇಬಲ್ ಮುದ್ರಿಸಿಕೊಳ್ಳಬಹುದು. ಕಸ್ಟಮ್ಸ್ ಪರಿಶೀಲನೆಗೆ ನೀವು ಬೆಂಗಳೂರಿಗೆ ಹೋಗಬೇಕಿಲ್ಲ. ಈ ಸೌಲಭ್ಯ ಎಲ್ಲ ಅಂಚೆ ಕಚೇರಿಯಲ್ಲೂ ಇಲ್ಲ, ಪ್ರಧಾನ ಅಂಚೆ ಕಚೇರಿಯಲ್ಲಿ ಕೇಳಿಕೊಳ್ಳಿ. ಹಗುರವಾದದ್ದಕ್ಕೆ ಟ್ರ್ಯಾಕ್ಡ್ ಪ್ಯಾಕೆಟ್ ಇದೆ, ಹೆಚ್ಚು ತೂಕವಿದ್ದರೆ ಸ್ಪೀಡ್ ಪೋಸ್ಟ್ ಇಂಟರ್‌ನ್ಯಾಷನಲ್.

ಎಡವುವುದು ಸರಕಿನ ವಿವರದಲ್ಲಿ. ಬರೀ ‘ಹ್ಯಾಂಡಿಕ್ರಾಫ್ಟ್’ ಎಂದು ಬರೆದರೆ ಅತ್ತಲಿನ ಅಧಿಕಾರಿಗೆ ಏನೂ ತಿಳಿಯದು. ಇಂಗ್ಲಿಷಿನಲ್ಲೇ ಹೀಗೆ ಬರೆಯಿರಿ: ‘ಹ್ಯಾಂಡ್ ಪೇಂಟೆಡ್ ವುಡನ್ ಫಿಗರ್, ಡೆಕೊರೇಟಿವ್, 1 ಪೀಸ್’. ಮರದ ಅಲಂಕಾರಿಕ ವಿಗ್ರಹ ಸರಕು ಗುರುತಿಸುವ ಅಂತರರಾಷ್ಟ್ರೀಯ ಎಚ್‌ಎಸ್ ಕೋಡ್ 4420ರಲ್ಲಿ ಬರುತ್ತದೆ, ಆಟಿಕೆ 9503ರಲ್ಲಿ. ಮಕ್ಕಳ ಆಟಿಕೆ ಎಂದು ಮಾರಿದರೆ ಅಮೆರಿಕ, ಯುರೋಪಿನಲ್ಲಿ ಬಣ್ಣದಲ್ಲಿರುವ ಸೀಸ (ಲೆಡ್) ಸೇರಿದಂತೆ ಸುರಕ್ಷತಾ ಪರೀಕ್ಷೆಯ ದಾಖಲೆ ಕೇಳುತ್ತಾರೆ. ನಿಮ್ಮ ಅಂಗಡಿಪುಟದಲ್ಲಿ ‘ಮಕ್ಕಳಿಗೆ’ ಎಂದಿದ್ದು ಘೋಷಣೆಯಲ್ಲಿ ‘ಅಲಂಕಾರಿಕ’ ಎಂದಿದ್ದರೆ ನಡೆಯದು. ಎರಡೂ ಒಂದೇ ಆಗಿರಲಿ, ನಿಜವೂ ಆಗಿರಲಿ.

ಬೆಲೆಯೂ ಅಷ್ಟೇ. ಗ್ರಾಹಕರು ಹೇಳಿದರೆಂದು ‘ಗಿಫ್ಟ್’ ಎಂದೋ, ಅರ್ಧ ಬೆಲೆಯೋ ಹಾಕಬೇಡಿ. ಬಿಲ್ಲು, ಬಂದ ಹಣ, ಘೋಷಣೆ ತಾಳೆಯಾಗದಿದ್ದರೆ ಅಲ್ಲಿ ದಂಡ, ಇಲ್ಲಿ ರಫ್ತಿನ ಲೆಕ್ಕವೇ ಸಿಗದು.

ಅಮೆರಿಕದಲ್ಲಿ 800 ಡಾಲರ್ ಒಳಗಿನ ಪಾರ್ಸೆಲ್‌ಗಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಕೊನೆಗೊಂಡಿತು. ಸುಂಕ ಯಾರು ಕಟ್ಟಬೇಕೆಂದು ಆರ್ಡರ್ ಹಿಡಿಯುವ ಮುಂಚೆಯೇ ಬರೆದುಕೊಳ್ಳಿ. ಐರೋಪ್ಯ ಒಕ್ಕೂಟಕ್ಕೆ 150 ಯೂರೋ ಒಳಗಿನ ಸರಕಾದರೂ ವ್ಯಾಟ್ (ಅಲ್ಲಿನ ಮಾರಾಟ ತೆರಿಗೆ) ಉಂಟು. ಮಾರುಕಟ್ಟೆ ತಾಣವೇ ವ್ಯಾಟ್ ವಸೂಲಿ ಮಾಡಿದ್ದರೆ ಅದರ ಐಒಎಸ್‌ಎಸ್ ಸಂಖ್ಯೆ (ವ್ಯಾಟ್ ವಸೂಲಿಯ ನೋಂದಣಿ ಸಂಖ್ಯೆ) ಪಾರ್ಸೆಲ್‌ನ ಕಸ್ಟಮ್ಸ್ ಡೇಟಾದಲ್ಲಿ ನಮೂದಾಗಬೇಕು, ಇಲ್ಲವೆಂದರೆ ಗ್ರಾಹಕ ಎರಡು ಸಲ ಕಟ್ಟಬೇಕಾದೀತು. 2024ರ ಡಿಸೆಂಬರ್ 13ರಿಂದ ಅಲ್ಲಿ ಗ್ರಾಹಕರು ಬಳಸುವ ಸರಕಿಗೆ ಒಕ್ಕೂಟದೊಳಗಿನ ಜವಾಬ್ದಾರ ವ್ಯಕ್ತಿಯ ಹೆಸರು, ವಿಳಾಸವೂ ಬೇಕು. ಸಣ್ಣವರಿಗೆ ಇದೇ ದೊಡ್ಡ ತೊಡಕು. ಆಸ್ಟ್ರೇಲಿಯಾಕ್ಕೆ ಕಳಿಸುವ ಡಬ್ಬಿಯಲ್ಲಿ ಹುಲ್ಲು ತುಂಬಲೇಬೇಡಿ. ಮರದಲ್ಲಿ ತೊಗಟೆ, ಹುಳದ ತೂತು ಇರಕೂಡದು.

ಗೊಂಬೆಯ ಬಣ್ಣದ ಮೇಲೆ ನೇರವಾಗಿ ಬಬಲ್ ರ‍್ಯಾಪ್ ಸುತ್ತಬೇಡಿ, ನಮ್ಮ ಬೇಸಿಗೆಯ ಕಾವಿಗೆ ಗುಳ್ಳೆಯ ಗುರುತು ಮೂಡಿಬಿಡುತ್ತದೆ. ಮೊದಲು ಬಿಳಿ ಟಿಶ್ಯೂ, ಮೇಲೆ ಬಬಲ್, ಆಮೇಲೆ ಐದು ಪದರದ ರಟ್ಟಿನ ಡಬ್ಬಿ. ಸುತ್ತಲೂ 5 ಸೆಂ.ಮೀ. ಮೆತ್ತೆ. ಕಿವಿ, ಕಿರೀಟ, ಕೈಗಳ ಸುತ್ತ ಕಾಗದ ತುರುಕಿ, ಅಲ್ಲಾಡಿಸಿ ನೋಡಿ. ಸದ್ದು ಬಂದರೆ ಬಿಚ್ಚಿ ಮತ್ತೆ ಕಟ್ಟಿ. ಕಸೂತಿಗೆ ನೀರು ಹೋಗದ ಪ್ಲಾಸ್ಟಿಕ್ ಸಾಕು, ಆದರೆ ಕನ್ನಡಿ ಹೊಲಿದ ಕಡೆ ಮಡಿಸಬಾರದು.

ಕೊನೆಗೆ, ಪಾರ್ಸೆಲ್ ವಿಲೇವಾರಿಯಾಗದಿದ್ದರೆ ಏನು ಮಾಡಬೇಕೆಂಬ ಕಾಲಂ ಖಾಲಿ ಬಿಡಬೇಡಿ. ‘ಕಳಿಸಿದವರಿಗೆ ವಾಪಸ್’ ಎಂದು ಗುರುತು ಹಾಕುವ ಮುನ್ನ ವಾಪಸಾತಿ ಶುಲ್ಕ ಕೌಂಟರಿನಲ್ಲಿ ಕೇಳಿ, ಗೊಂಬೆಯ ಬೆಲೆಗಿಂತ ಅದೇ ಹೆಚ್ಚಾದರೆ ‘ಕೈಬಿಡಿ’ ಎಂಬುದನ್ನೇ ಆರಿಸಿ.