ಅಂಚಿನ ಪ್ಲಾಸ್ಮಾದಲ್ಲಿ ಕಾರ್ಬನ್ ವಿಕಿರಣದ ಲೆಕ್ಕ: ನನ್ನ ಅನುಭವ

ಬಿಸಿ ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಸಮ್ಮಿಲನ ಯಂತ್ರವಾದ ಟೋಕಮಾಕ್‌ನ ಅಂಚಿನಲ್ಲಿ ಕಾರ್ಬನ್ ಎಷ್ಟು ಶಕ್ತಿಯನ್ನು ಬೆಳಕಾಗಿ ಚೆಲ್ಲುತ್ತದೆ ಎಂಬ ಪ್ರಶ್ನೆ ಬಂದರೆ ಎಲ್ಲರ ಕೈ ಮೊದಲು ಹೋಗುವುದು ಕೊರೋನಾ ಸಮತೋಲನದ (ಅಯಾನುಗಳು ಎಲೆಕ್ಟ್ರಾನ್ ಕಳೆದುಕೊಳ್ಳುವುದೂ ಮರಳಿ ಪಡೆಯುವುದೂ ಸರಿದೂಗಿ ನಿಂತ ಸ್ಥಿತಿಯ) ಗ್ರಾಫ್ ಕಡೆಗೆ. ತಾಪವನ್ನು ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಅಳೆದರೆ 10ಕ್ಕಿಂತ ತುಸು ಕೆಳಗೆ ಅದರ ಶಿಖರ, ಅಲ್ಲಿಂದ ಮುಂದೆ ಕಡಿದಾದ ಇಳಿಜಾರು. ನಾಲ್ಕು ಎಲೆಕ್ಟ್ರಾನ್ ಕಳೆದುಕೊಂಡ ಕಾರ್ಬನ್ ಅಯಾನು ಹೀಲಿಯಂನಂತೆ ಗಟ್ಟಿ. ಐದನೆಯದನ್ನು ಕೀಳಲು 392 ಎಲೆಕ್ಟ್ರಾನ್ ವೋಲ್ಟ್ ಬೇಕು. ಅಂಚಿನ ತಾಪದಲ್ಲಿ ಅದು ಬೆಳಗುವುದೇ ಇಲ್ಲ ಎನ್ನಬಹುದು.

ಆದರೆ ಆ ಗ್ರಾಫ್ ಸರಿಯಾಗಬೇಕಾದರೆ ಅಯಾನು ಪ್ಲಾಸ್ಮಾದಲ್ಲಿ ಸಾಕಷ್ಟು ಹೊತ್ತು ಇರಬೇಕು. ಅಂಚಿನಲ್ಲಿ ಇರುವುದಿಲ್ಲ. ಎಲೆಕ್ಟ್ರಾನ್ ಸಾಂದ್ರತೆ ಘನಮೀಟರಿಗೆ 10¹⁹, ವಾಸದ ಕಾಲ 1 ಮಿಲಿಸೆಕೆಂಡ್ ಎಂದಿಟ್ಟುಕೊಂಡರೆ, 50 ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ವಿಕಿರಣ ಕೊರೋನಾ ಲೆಕ್ಕಕ್ಕಿಂತ ಹತ್ತು ಪಟ್ಟಿಗೂ ಮೀರುತ್ತದೆ. ಗೋಡೆಯಿಂದ ಹೊಸದಾಗಿ ಬಂದ ಪರಮಾಣು ಮೂರು ಎಲೆಕ್ಟ್ರಾನ್ ಕಳೆದುಕೊಂಡ ಹಂತವನ್ನು ದಾಟುವಾಗಲೇ ಜೋರಾಗಿ ಬೆಳಗಿಬಿಡುತ್ತದೆ.

ಹಾಗಾಗಿ ಅಂಚಿನ ಪ್ಲಾಸ್ಮಾವನ್ನು ಗಣಕದಲ್ಲಿ ಅನುಕರಿಸುವ ಸಾಲ್ಪ್ಸ್-ಈಟರ್‌ನಂಥ (SOLPS-ITER) ದೊಡ್ಡ ಕೋಡ್ ಮುಟ್ಟುವ ಮುನ್ನ ನಾನು ಏಳು ಸಮೀಕರಣಗಳ ಪುಟ್ಟ ಮಾದರಿಯೊಂದನ್ನು ಬರೆದುಕೊಳ್ಳುತ್ತೇನೆ: ತಟಸ್ಥ ಪರಮಾಣು, ಆರು ಅಯಾನುಗಳು, ಪ್ರತಿಯೊಂದಕ್ಕೂ ಒಂದು ಸೋರಿಕೆಯ ಪದ. ದರಗಳು ಏಡಾಸ್ (ADAS) ಎಂಬ ಪರಮಾಣು ದತ್ತಾಂಶ ಸಂಗ್ರಹದವು. ಆ ಕಡತಗಳಲ್ಲಿ ಎಲ್ಲವೂ ಲಾಗರಿದಮ್‌ನಲ್ಲಿ, ಘನ ಸೆಂಟಿಮೀಟರ್ ಲೆಕ್ಕದಲ್ಲಿವೆ. ನಡುವಿನ ಬೆಲೆಗಳನ್ನು ಲಾಗರಿದಮ್‌ನಲ್ಲೇ ತೆಗೆದು, ಕೊನೆಗೆ ಘನಮೀಟರಿಗೆ ತರುವುದು ಒಳ್ಳೆಯದು. ತಟಸ್ಥ ಹೈಡ್ರೋಜನ್ ದಟ್ಟವಾಗಿರುವ ಕಡೆ ಆವೇಶ ವಿನಿಮಯವನ್ನೂ (ಅಯಾನು ಹೈಡ್ರೋಜನ್‌ನಿಂದ ಎಲೆಕ್ಟ್ರಾನ್ ಕಸಿದುಕೊಳ್ಳುವುದು) ಸೇರಿಸಬೇಕು. ಅದು ಆ ಗಟ್ಟಿ ಅಯಾನನ್ನು ಒಂದು ಮೆಟ್ಟಿಲು ಕೆಳಗಿಳಿಸಿ ಮತ್ತೆ ಬೆಳಗಿಸುತ್ತದೆ. ಮಾದರಿ ಬಿಡಿಸಲು ಕಣ್ಣೆವೆ ಇಕ್ಕುವಷ್ಟು ಹೊತ್ತೂ ಬೇಡ, ಆದರೆ ದೊಡ್ಡ ಕೋಡ್ ಯಾವ ಆಸುಪಾಸಿನ ಉತ್ತರ ಕೊಡಬೇಕು ಎಂಬುದು ಆಗಲೇ ತಿಳಿದಿರುತ್ತದೆ.

ದೊಡ್ಡ ಕೋಡ್‌ನಲ್ಲಿ ನನ್ನ ಕಣ್ಣು ಗ್ರಿಡ್ (ಜಾಗವನ್ನು ಹಂಚಿದ ಕೋಶಗಳ ಜಾಲ) ಮೇಲೆ. ಕಾಂತರೇಖೆಯ ಗುಂಟ ಶಾಖವಾಹಕತೆ ತಾಪದ ಎರಡೂವರೆ ಘಾತದಂತೆ ಕುಸಿಯುವುದರಿಂದ, ಡೈವರ್ಟರ್ (ಅಂಚಿನಿಂದ ಹರಿದುಬರುವ ಶಾಖ, ಕಣಗಳನ್ನು ಹೊರಗೊಯ್ಯುವ ಭಾಗ) ಹತ್ತಿರ ತಾಪ ಥಟ್ಟನೆ ಇಳಿಯುತ್ತದೆ. ವಿಕಿರಣದ ಪದರ ಒಂದೆರಡು ಕೋಶಗಳಷ್ಟೇ ಅಗಲವಿದ್ದರೆ ಒಟ್ಟು ಶಕ್ತಿಯ ಅಂಕಿ ನಂಬಲು ತಕ್ಕದ್ದಲ್ಲ.

ಲೆಕ್ಕವನ್ನು ಅಳತೆಯೊಂದಿಗೆ ಹೋಲಿಸುವ ಹಂತದಲ್ಲಿ ಒಂದು ಆಮಿಷ ಎದುರಾಗುತ್ತದೆ: ರಾಸಾಯನಿಕ ಸ್ಪಟರಿಂಗ್ (ಹೈಡ್ರೋಜನ್ ಬಡಿದು ಗೋಡೆಯ ಕಾರ್ಬನ್ ಕಳಚಿಬರುವುದು) ಪ್ರಮಾಣವನ್ನು ಶೇ. 1ರಿಂದ 3ಕ್ಕೆ ಏರಿಸಿದರೆ ಒಟ್ಟು ವಿಕಿರಣ ಅಳೆಯುವ ಬೊಲೋಮೀಟರ್ ಅಂಕಿ ತಾನಾಗಿ ಕೂಡಿಬರಬಹುದು. ಇದನ್ನು ನಾನು ಹೊಂದಿಕೆ ಎನ್ನುವುದಿಲ್ಲ. ಕ್ಯಾಮೆರಾಕ್ಕೆ ಕಾಣುವ 465 ನ್ಯಾನೋಮೀಟರ್ ರೇಖೆ ಹೊಂದಿದರೂ ಸಾಲದು; ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಅಯಾನಿನದು, ಹೊರುವ ಶಕ್ತಿಯೂ ಅತ್ಯಲ್ಪ. ಹೆಚ್ಚು ಶಕ್ತಿ ಹೋಗುವುದು ಅತಿನೇರಳೆಯ 155 ನ್ಯಾನೋಮೀಟರ್ ಜೋಡಿ ರೇಖೆಯಲ್ಲಿ. ಎರಡೂ ರೇಖೆಗಳು ತಮ್ಮ ತಮ್ಮ ಜಾಗದಲ್ಲಿ ಕೂತ ಮೇಲಷ್ಟೇ ಸ್ಪಟರಿಂಗ್ ಪ್ರಮಾಣಕ್ಕೆ ಕೈ ಹಾಕುತ್ತೇನೆ.