ಮೋಷನ್ ಕಂಟ್ರೋಲ್‌ಗಾಗಿಯೇ ಹೊಸ ಕನ್ಸೋಲ್ ಕೊಳ್ಳಬೇಕೆ? ಕೊಳ್ಳುವ ಮುಂಚೆ ಹೀಗೆ ಪರೀಕ್ಷಿಸಿ

ಮೋಷನ್ ಕಂಟ್ರೋಲ್ ಎನ್ನುವ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಸಂಗತಿಗಳಿವೆ. ನೀವು ಕೈ ಬೀಸಿದಂತೆ ತೆರೆಯ ಮೇಲೆ ಟೆನಿಸ್ ಬ್ಯಾಟು ಬೀಸುವುದು ಒಂದು. ಕಂಟ್ರೋಲರನ್ನು ಚೂರೇ ಚೂರು ಓರೆ ಮಾಡಿ ಗುರಿ ಸರಿಪಡಿಸಿಕೊಳ್ಳುವ ಗೈರೋ ಏಮಿಂಗ್ ಇನ್ನೊಂದು. ನಿಮ್ಮ ತಲೆ, ಕೈಗಳು ಕೋಣೆಯಲ್ಲಿ ಎಲ್ಲಿವೆ ಎಂಬುದನ್ನೇ ಹಿಂಬಾಲಿಸುವ ವಿಆರ್ (ವರ್ಚುವಲ್ ರಿಯಾಲಿಟಿ) ಮೂರನೆಯದು. ಇವುಗಳಲ್ಲಿ ಯಾವುದು ಬೇಕೆಂದು ತೀರ್ಮಾನಿಸದೆ ಅಂಗಡಿಗೆ ಹೋಗಬೇಡಿ. ಬೇಕಿರುವುದು ಎರಡನೆಯದಾದರೆ ಹೊಸ ಕನ್ಸೋಲಿನ ಅಗತ್ಯವೇ ಇಲ್ಲದಿರಬಹುದು.

ಕೈಯಲ್ಲಿರುವುದರಿಂದ ಶುರು ಮಾಡಿ

ಪ್ಲೇಸ್ಟೇಷನ್ 4ರ ಡ್ಯುಯಲ್‌ಶಾಕ್ 4, ಪ್ಲೇಸ್ಟೇಷನ್ 5ರ ಡ್ಯುಯಲ್‌ಸೆನ್ಸ್, ನಿಂಟೆಂಡೊ ಸ್ವಿಚ್‌ನ ಜಾಯ್‌ಕಾನ್ ಮತ್ತು ಪ್ರೊ ಕಂಟ್ರೋಲರ್, ಎಲ್ಲದರಲ್ಲೂ ತಿರುಗುವಿಕೆಯನ್ನು ಅಳೆಯುವ ಗೈರೋಸ್ಕೋಪ್ ಎಂಬ ಸೆನ್ಸರ್ ಇದೆ. ಎಕ್ಸ್‌ಬಾಕ್ಸ್ ಒನ್ ಮತ್ತು ಸೀರೀಸ್ ಕನ್ಸೋಲುಗಳ ಜೊತೆ ಬರುವ ಕಂಟ್ರೋಲರಿನಲ್ಲಿ ಇಲ್ಲ. ಮೊದಲಿನ ಪಟ್ಟಿಯ ಯಾವುದಾದರೂ ಒಂದು ನಿಮ್ಮಲ್ಲಿದ್ದು, ಜೊತೆಗೆ ಪಿಸಿಯೂ ಇದ್ದರೆ ಖರ್ಚಿಲ್ಲದೆ ಪರೀಕ್ಷಿಸಬಹುದು.

1. ಕಂಟ್ರೋಲರನ್ನು ಕೇಬಲ್ ಅಥವಾ ಬ್ಲೂಟೂತ್ ಮೂಲಕ ಪಿಸಿಗೆ ಜೋಡಿಸಿ, ಪಿಸಿ ಆಟಗಳ ಆ್ಯಪ್ ಆದ ಸ್ಟೀಮ್ ತೆರೆದು, ಆಟದ ಕಂಟ್ರೋಲರ್ ಸೆಟ್ಟಿಂಗ್ಸ್‌ಗೆ ಹೋಗಿ.
2. ಗೈರೋ ಮೌಸಿನಂತೆ ವರ್ತಿಸುವ ಆಯ್ಕೆ ಹಾಕಿ.
3. ಸದಾ ಚಾಲೂ ಇಡಬೇಡಿ. ಗುರಿಯಿಡುವ ಎಡ ಟ್ರಿಗರ್ ಒತ್ತಿದಾಗ ಮಾತ್ರ ಕೆಲಸ ಮಾಡುವಂತೆ ಹೊಂದಿಸಿ.
4. ಸೆನ್ಸಿಟಿವಿಟಿ ಕಡಿಮೆಯಿಂದ ಆರಂಭಿಸಿ. ದೊಡ್ಡ ತಿರುವುಗಳು ಬಲಗಡೆಯ ಸ್ಟಿಕ್ಕಿನ ಕೆಲಸ, ಕೊನೆಯ ಸಣ್ಣ ತಿದ್ದುಪಡಿ ಮಣಿಕಟ್ಟಿನ ಕೆಲಸ.

ತೆರೆಯ ಮೇಲಿನ ಬಟನ್ ಚಿಹ್ನೆಗಳು ಕೀಬೋರ್ಡ್‌ಗೂ ಕಂಟ್ರೋಲರಿಗೂ ಪದೇ ಪದೇ ಬದಲಾಗುತ್ತಿದ್ದರೆ, ಆ ಆಟಕ್ಕೆ ಎರಡೂ ಇನ್‌ಪುಟ್ಟುಗಳನ್ನು ಒಟ್ಟಿಗೆ ಸ್ವೀಕರಿಸಲು ಬರುವುದಿಲ್ಲ ಎಂದರ್ಥ. ಗೈರೋವನ್ನು ಜಾಯ್‌ಸ್ಟಿಕ್ಕಿನಂತೆ ವರ್ತಿಸುವ ಹಾಗೆ ಬದಲಿಸಿದರೆ ಕಾಟ ತಪ್ಪುತ್ತದೆ, ಆದರೆ ಸ್ಟಿಕ್ಕಿನ ಡೆಡ್‌ಝೋನ್ (ನಡುವಿನ ಸಣ್ಣ ಚಲನೆಯನ್ನು ಆಟ ಲೆಕ್ಕಕ್ಕೇ ತೆಗೆದುಕೊಳ್ಳದ ಜಾಗ) ಕಾರಣ ನಿಖರತೆ ತಗ್ಗುತ್ತದೆ. ಮೊದಲ ಗಂಟೆಯಲ್ಲಿ ಎಲ್ಲರಿಗೂ ತಡಬಡ. ಒಂದು ವಾರವಾದರೂ ಆಡದೆ ತೀರ್ಪು ಕೊಡುವುದು ನ್ಯಾಯವಲ್ಲ. ಕುಣಿಯುವ ಆಟಗಳದ್ದು ಇನ್ನೂ ಸುಲಭ: ಜಸ್ಟ್ ಡ್ಯಾನ್ಸ್‌ಗೆ ಆ್ಯಪ್ ಹಾಕಿಕೊಂಡ ಮೊಬೈಲೇ ಕಂಟ್ರೋಲರಾಗುತ್ತದೆ.

ಗುರಿ ಪಕ್ಕಕ್ಕೆ ಜಾರುವುದೇಕೆ

ಮೋಷನ್ ಕಂಟ್ರೋಲ್ ಬೇಡವೆಂದು ಕೈಬಿಟ್ಟವರಲ್ಲಿ ಅನೇಕರು ಸೋತದ್ದು ಇಲ್ಲೇ, ಹಾಗಾಗಿ ಇದನ್ನು ಅರ್ಥ ಮಾಡಿಕೊಳ್ಳುವುದು ಮುಖ್ಯ. ಗೈರೋಸ್ಕೋಪ್ ಅಳೆಯುವುದು ತಿರುಗುವ ವೇಗವನ್ನು ಮಾತ್ರ. ಕಂಟ್ರೋಲರ್ ಈಗ ಯಾವ ದಿಕ್ಕಿಗಿದೆ ಎಂಬುದನ್ನು ಆ ವೇಗಗಳನ್ನು ಕೂಡುತ್ತಾ ಹೋಗಿ ಲೆಕ್ಕ ಹಾಕಬೇಕು. ಪ್ರತಿ ಅಳತೆಯಲ್ಲಿನ ಸಣ್ಣ ತಪ್ಪೂ ಜೊತೆಜೊತೆಗೇ ಕೂಡಿಕೊಳ್ಳುತ್ತದೆ. ಕಂಟ್ರೋಲರಿನ ಇನ್ನೊಂದು ಸೆನ್ಸರಾದ ಅಕ್ಸೆಲೆರೋಮೀಟರಿಗೆ ಗುರುತ್ವದ ದಿಕ್ಕು ಗೊತ್ತಿರುವುದರಿಂದ ಮೇಲೆ ಕೆಳಗಿನ ಓರೆಯನ್ನು ಅದು ತಿದ್ದುತ್ತದೆ. ಎಡ ಬಲಕ್ಕೆ ಅಂಥ ಆಧಾರವಿಲ್ಲ. ಗುರಿ ಪಕ್ಕಕ್ಕೇ ಜಾರುವುದು ಇದಕ್ಕೆ. ಅದನ್ನು ನಡುವಿಗೆ ತರುವ ಬಟನ್ ಒಳ್ಳೆಯ ಆಟದಲ್ಲಿ ಇದ್ದೇ ಇರುತ್ತದೆ. ಅದು ಯಾವುದೆಂದು ಮೊದಲೇ ತಿಳಿದುಕೊಳ್ಳಿ.

ಜಾರುವಿಕೆ ಜೋರಾಗಿದ್ದರೆ ಕಂಟ್ರೋಲರನ್ನು ಅಲುಗದ ಮೇಜಿನ ಮೇಲಿಟ್ಟು ಕ್ಯಾಲಿಬ್ರೇಟ್ ಮಾಡಿ, ಅಂದರೆ ನಿಶ್ಚಲ ಸ್ಥಿತಿ ಯಾವುದೆಂದು ಸೆನ್ಸರಿಗೆ ಹೊಸದಾಗಿ ತಿಳಿಸಿ. ಸ್ವಿಚ್‌ನಲ್ಲಿ ಇದು ಸಿಸ್ಟಂ ಸೆಟ್ಟಿಂಗ್ಸ್‌ನ ಕಂಟ್ರೋಲರ್ಸ್ ವಿಭಾಗದಲ್ಲಿದೆ. ಕೈಯಲ್ಲಿ ಹಿಡಿದೇ ಮಾಡಿದರೆ ಕೈ ನಡುಕವನ್ನೇ ನಿಶ್ಚಲ ಸ್ಥಿತಿ ಎಂದು ಅದು ದಾಖಲಿಸಿಕೊಳ್ಳುತ್ತದೆ. ಗೈರೋ ಆಫ್ ಮಾಡಿದರೂ ಜಾರುತ್ತಿದ್ದರೆ ದೋಷ ಸ್ಟಿಕ್ಕಿನದು, ಮೋಷನ್ ಸೆನ್ಸರಿನದಲ್ಲ.

ನಿಂಟೆಂಡೊದ 2006ರ ಕನ್ಸೋಲ್ ವೀ ಈ ತೊಡಕನ್ನು ಬೇರೆ ಥರ ಬಿಡಿಸಿತು. ಟಿವಿಯ ಬಳಿ ಇಡುವ ಸೆನ್ಸರ್ ಬಾರ್‌ನಲ್ಲಿ ಸೆನ್ಸರೇ ಇಲ್ಲ, ಇರುವುದು ಇನ್‌ಫ್ರಾರೆಡ್ ದೀಪಗಳು. ಅವನ್ನು ನೋಡುವ ಕ್ಯಾಮೆರಾ ರಿಮೋಟಿನ ತುದಿಯಲ್ಲಿದೆ. ಟಿವಿಯ ಹಿಂದಿನ ಕಿಟಕಿಯಿಂದ ಬಿಸಿಲು ಬಂದರೆ ಪಾಯಿಂಟರ್ ಹುಚ್ಚೆದ್ದು ಕುಣಿಯುವುದು ಅದಕ್ಕೇ. ಹಳೆಯ ವೀ ಕೊಳ್ಳುವವರು ರಿಮೋಟ್ ಪ್ಲಸ್ ಇದೆಯೇ ನೋಡಿಕೊಳ್ಳಿ. ಮೊದಲಿನ ರಿಮೋಟುಗಳಲ್ಲಿ ಗೈರೋಸ್ಕೋಪ್ ಇರಲಿಲ್ಲ, 2009ರಲ್ಲಿ ಬಂದ ಮೋಷನ್‌ಪ್ಲಸ್ ತುಣುಕನ್ನು ಅವಕ್ಕೆ ಸಿಕ್ಕಿಸಬೇಕು.

ಆಟಗಳ ಹೆಸರು ಬರೆಯಿರಿ

ಇಂದೇ ಮಾರಾಟಕ್ಕಿರುವ, ನೀವು ಖಂಡಿತ ಆಡುವ ಮೂರು ಆಟಗಳ ಹೆಸರನ್ನು ಕಾಗದದ ಮೇಲೆ ಬರೆಯಿರಿ. ಪ್ರತಿಯೊಂದರ ಎದುರೂ ಒಂದೇ ಪ್ರಶ್ನೆ: ಮೋಷನ್ ತೆಗೆದರೆ ಆಟ ಉಳಿಯುತ್ತದೆಯೇ? ಜೆಲ್ಡಾ ಸರಣಿಯ ಸ್ಕೈವರ್ಡ್ ಸ್ವೋರ್ಡ್ 2011ರಲ್ಲಿ ಮೋಷನ್‌ಪ್ಲಸ್ ಇಲ್ಲದೆ ನಡೆಯುತ್ತಿರಲಿಲ್ಲ; 2021ರ ಎಚ್‌ಡಿ ಆವೃತ್ತಿಯನ್ನು ಬಟನ್‌ಗಳಲ್ಲೇ ಆಡಿ ಮುಗಿಸಬಹುದು. ಬಳೆಯಂಥ ಸಲಕರಣೆ ಹಿಡಿದು ವ್ಯಾಯಾಮ ಮಾಡುತ್ತಾ ಆಡುವ ರಿಂಗ್ ಫಿಟ್ ಅಡ್ವೆಂಚರ್‌ನಲ್ಲಿ ಮೋಷನ್ ತೆಗೆದರೆ ಏನೂ ಉಳಿಯದು. ಇಂಥವು ಮೂರು ಸಿಗದಿದ್ದರೆ ಮೋಷನ್‌ಗಾಗಿ ಕನ್ಸೋಲ್ ಬೇಡ ಎಂದೇ ನಮ್ಮ ಸಲಹೆ.

ಮುಂದೆ ಬರುವ ಆಟಗಳನ್ನು ನಂಬಿ ಕೊಳ್ಳಬೇಡಿ. ದೇಹದ ಚಲನೆ ಗುರುತಿಸುವ ಎಕ್ಸ್‌ಬಾಕ್ಸ್ ಕ್ಯಾಮೆರಾ ಕೈನೆಕ್ಟ್ 2010ರಲ್ಲಿ ಬಂತು, 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಜೊತೆ ಕಡ್ಡಾಯವಾಗಿ ಬಂತು, ಮರುವರ್ಷವೇ ಅದಿಲ್ಲದ ಕನ್ಸೋಲ್ ಮಾರಾಟಕ್ಕಿಳಿಯಿತು, 2017ರಲ್ಲಿ ತಯಾರಿಕೆಯೇ ನಿಂತಿತು. ಎಲ್ಲರ ಬಳಿಯೂ ಇಲ್ಲದ ಸಲಕರಣೆಗೆಂದು ಆಟ ಮಾಡಲು ತಯಾರಕರು ಹಿಂಜರಿಯುತ್ತಾರೆ.

ಜಾಗ, ಟಿವಿ, ಕಂಟ್ರೋಲರ್ ಲೆಕ್ಕ

ಟೇಪು ಹಿಡಿದು ಅಳೆಯಿರಿ. ಪ್ಲೇಸ್ಟೇಷನ್ ವಿಆರ್2ನಲ್ಲಿ ಓಡಾಡುತ್ತಾ ಆಡಲು 2 ಮೀಟರ್ ಉದ್ದ, 2 ಮೀಟರ್ ಅಗಲ ಬೇಕು. ಕೂತು ಅಥವಾ ನಿಂತಲ್ಲೇ ಆಡಲು 1 ಮೀಟರ್ ಉದ್ದ, 1 ಮೀಟರ್ ಅಗಲ ಸಾಕು. ಬೀಸುವ ಆಟಗಳಿಗೆ ಕಂಟ್ರೋಲರ್ ಹಿಡಿದ ಕೈಯನ್ನು ಪೂರ್ತಿ ಚಾಚಿ ಒಂದು ಸುತ್ತು ತಿರುಗಿ, ತಲೆಯ ಮೇಲೂ ಎತ್ತಿ ನೋಡಿ. ಇಬ್ಬರು ಆಡುವುದಾದರೆ ಇಬ್ಬರ ಕೈಗಳೂ ತಾಗಬಾರದು. ಮಣಿಕಟ್ಟಿನ ಪಟ್ಟಿ ಕಟ್ಟದೆ ಆಡಲೇಬೇಡಿ, ಬೆವರಿದ ಕೈಯಿಂದ ಹಾರಿದ ಕಂಟ್ರೋಲರ್ ಟಿವಿಯ ಪರದೆ ಒಡೆಯುತ್ತದೆ. ಟಿವಿಯಲ್ಲಿ ವಿಳಂಬ ತಗ್ಗಿಸುವ ಗೇಮ್ ಮೋಡ್ ಹಾಕಿ. ಬಟನ್ ಒತ್ತುವಾಗ ಗಮನಕ್ಕೆ ಬಾರದ ವಿಳಂಬ ಕೈ ಬೀಸುವಾಗ ಎದ್ದು ಕಾಣುತ್ತದೆ.

ಮಾದರಿಯ ಆಯ್ಕೆಯಲ್ಲಿ ಎಡವುವವರೇ ಹೆಚ್ಚು. ಸ್ವಿಚ್ ಲೈಟ್‌ನಿಂದ ಕಂಟ್ರೋಲರನ್ನು ಬಿಡಿಸಲಾಗದು, ಟಿವಿಗೂ ಅದು ಜೋಡುವುದಿಲ್ಲ. ಬೀಸುವ ಆಟಗಳಿಗೆ ಜಾಯ್‌ಕಾನ್ ಬೇರೆಯೇ ಕೊಳ್ಳಬೇಕು. 2025ರ ಸ್ವಿಚ್ 2 ಜೊತೆ ಬರುವ ಜಾಯ್‌ಕಾನ್ 2ರಲ್ಲಿ ಇನ್‌ಫ್ರಾರೆಡ್ ಕ್ಯಾಮೆರಾ ಇಲ್ಲ, ರಿಂಗ್ ಫಿಟ್‌ನ ಬಳೆಗೂ ಅದು ಕೂರುವುದಿಲ್ಲ. ಆ ಆಟಕ್ಕೆ ಹಳೆಯ ಜಾಯ್‌ಕಾನ್ ಜೋಡಿಯೇ ಬೇಕು. ಹಳೆಯವು ಸ್ವಿಚ್ 2ಕ್ಕೆ ವೈರ್‌ಲೆಸ್ ಆಗಿ ಸೇರಿಕೊಳ್ಳುತ್ತವೆ, ಆದರೆ ಅದಕ್ಕೆ ಸಿಕ್ಕಿಸಿ ಚಾರ್ಜ್ ಮಾಡಲಾಗದು. ಚಾರ್ಜಿಂಗ್ ಗ್ರಿಪ್ಪನ್ನೂ ಬಜೆಟ್ಟಿಗೆ ಸೇರಿಸಿಕೊಳ್ಳಿ. ಆಟ ಒಬ್ಬೊಬ್ಬರಿಗೆ ಒಂದು ಜಾಯ್‌ಕಾನ್ ಕೇಳುತ್ತದೋ ಜೋಡಿ ಕೇಳುತ್ತದೋ ಎಂದು ಪೆಟ್ಟಿಗೆಯ ಮೇಲೆ ಓದಿ. ನಾಲ್ವರ ಮನೆಯಲ್ಲಿ ಈ ಲೆಕ್ಕವೇ ಕನ್ಸೋಲಿನ ಬೆಲೆಯನ್ನು ಅಣಕಿಸುವಷ್ಟು ಬೆಳೆಯುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹಣ ಕೊಡುವ ಮುಂಚೆ ಪ್ರತಿ ಕಂಟ್ರೋಲರನ್ನೂ ಒಂದು ನಿಮಿಷ ಮೇಜಿನ ಮೇಲಿಟ್ಟು ತೆರೆಯ ಗುರಿ ನಿಂತಲ್ಲೇ ನಿಲ್ಲುವುದೇ ನೋಡಿ. ಆಮೇಲೆ ಮೂರು ದಿಕ್ಕಿಗೂ ತಿರುಗಿಸಿ, ಪಟ್ಟಿಯ ಕೊಂಡಿ ಎಳೆದು, ಚಾರ್ಜ್ ಏರುತ್ತದೆಯೇ ಎಂದೂ ಪರೀಕ್ಷಿಸಿ.